ಮೆಂಬ್ರೇನ್ ಬದಲಿಸುವ ಮೊದಲು: ಬೋರಿನ ನೀರಿನ ಮನೆಗಳಿಗೆ ಆರ್‌ಓ ಫಿಲ್ಟರ್ ಮಾರ್ಗದರ್ಶಿ

"ಮೊನ್ನೆಯಷ್ಟೇ ಹೊಸ ಮೆಂಬ್ರೇನ್ ಹಾಕಿಸಿದ್ವಿ, ಆಗಲೇ ನೀರು ಸವಳಾಗಿದೆ." ವಿಜಯಪುರ, ಬಾಗಲಕೋಟೆ ಕಡೆ ಮನೆಮನೆಯಲ್ಲಿ ಕೇಳುವ ಮಾತಿದು. ನೀರು ಕಡಿಮೆ ಬಂದರೂ ಮೆಂಬ್ರೇನ್, ರುಚಿ ಕೆಟ್ಟರೂ ಮೆಂಬ್ರೇನ್, ಮಷಿನ್ ಸದ್ದು ಮಾಡಿದರೂ ಮೆಂಬ್ರೇನ್! ಮೆಂಬ್ರೇನ್ ಎಂದರೆ ನೀರಿನಲ್ಲಿ ಕರಗಿದ ಉಪ್ಪನ್ನು ತಡೆಯುವ ತೆಳುಪದರದ ಸುರುಳಿ. ಮಷಿನ್ನಿನಲ್ಲಿ ಎಲ್ಲಕ್ಕಿಂತ ದುಬಾರಿ ಭಾಗಗಳಲ್ಲಿ ಅದೂ ಒಂದು. ಅದು ತಾನಾಗಿ ಹಾಳಾಗುವುದು ಕಡಿಮೆ. ಅದರ ಮುಂದಿರುವ ಅಗ್ಗದ ಫಿಲ್ಟರುಗಳನ್ನು ಸಕಾಲಕ್ಕೆ ನೋಡದೆ ನಾವೇ ಹಾಳು ಮಾಡುವುದು ಜಾಸ್ತಿ.

ಆದ್ದರಿಂದ ಇಲ್ಲಿನ ಕ್ರಮ ಒಂದೇ. ನೀರು ಯಾವ ದಾರಿಯಲ್ಲಿ ಹೋಗುತ್ತದೋ ಅದೇ ದಾರಿಯಲ್ಲಿ ನೀವೂ ಹೋಗಿ. ಹೊರಗಿನ ಬಟ್ಟಲು (ಪ್ರೀ-ಫಿಲ್ಟರ್), ಸೆಡಿಮೆಂಟ್ (ಉಳಿದ ಮಣ್ಣು ಹಿಡಿಯುವ ಫಿಲ್ಟರ್), ಕಾರ್ಬನ್ (ಇದ್ದಿಲಿನ ಫಿಲ್ಟರ್), ಪಂಪ್, ಆಮೇಲೆ ಮೆಂಬ್ರೇನ್. ಮಧ್ಯೆ ಜಿಗಿಯಬೇಡಿ.

## ಮೊದಲು ಇವನ್ನು ಹೊಂದಿಸಿಕೊಳ್ಳಿ

ಪೆನ್ನಿನಂಥ ಒಂದು ಟಿಡಿಎಸ್ ಮೀಟರ್ (ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ). ಪ್ರೀ-ಫಿಲ್ಟರ್ ಬಟ್ಟಲಿನ ಸ್ಪ್ಯಾನರ್ ಮತ್ತು ಮೆಂಬ್ರೇನ್ ಕೂರುವ ಡಬ್ಬಿಯ, ಅಂದರೆ ಹೌಸಿಂಗ್‌ನ ಸ್ಪ್ಯಾನರ್. ಇವೆರಡೂ ಪ್ಲಾಸ್ಟಿಕ್ಕಿನವು, ಬೇರೆ ಬೇರೆ ಅಳತೆಯವು. ಟೆಫ್ಲಾನ್ ಟೇಪ್, ಕತ್ತರಿ, ಒಂದು ಬಕೆಟ್, ಒಣ ಬಟ್ಟೆ, ಮಿಲಿಲೀಟರ್ ಗೆರೆ ಇರುವ ಒಂದು ಅಳತೆ ಲೋಟ. ಜೊತೆಗೆ ಒಂದು ಪರ್ಮನೆಂಟ್ ಮಾರ್ಕರ್. ಬದಲಿಸಿದ ಪ್ರತಿ ಫಿಲ್ಟರಿನ ಮೇಲೆ ಅದರಿಂದ ತಾರೀಖು ಬರೆಯಬೇಕು.

ಮುಚ್ಚಳ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಳಗಿನ ಪೈಪುಗಳ ಫೋಟೋ ತೆಗೆಯಿರಿ. ಎಲ್ಲ ಪೈಪುಗಳೂ ಒಂದೇ ಬಿಳಿ ಬಣ್ಣದಲ್ಲಿರುವ ಮಷಿನ್ನುಗಳಲ್ಲಿ ಈ ಫೋಟೋ ಇಲ್ಲದಿದ್ದರೆ ಮರಳಿ ಜೋಡಿಸುವಾಗ ತಲೆ ಕೆಡುತ್ತದೆ.

## ಹಂತ 1: ಬರುವ ನೀರು, ಹೋಗುವ ನೀರು ಎರಡನ್ನೂ ಅಳೆಯಿರಿ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಳದ ನೀರು ಮತ್ತು ಬೋರಿನ ನೀರು ಒಂದೇ ಸಂಪಿಗೆ ಬೀಳುತ್ತವೆ. ನಳ ಬಂದ ದಿನ ಟ್ಯಾಂಕಿನಲ್ಲಿ ಹೊಳೆಯ ನೀರು, ಮೂರನೇ ದಿನಕ್ಕೆ ಅರ್ಧ ಬೋರು, ಐದನೇ ದಿನಕ್ಕೆ ಪೂರ್ತಿ ಬೋರು. ಮಷಿನ್ನಿನೊಳಗೆ ಹೋಗುವ ನೀರೇ ಹೀಗೆ ಬದಲಾಗುವಾಗ ಹೊರಬರುವ ನೀರನ್ನಷ್ಟೇ ಅಳೆದರೆ ಏನೂ ತಿಳಿಯುವುದಿಲ್ಲ. ನಿನ್ನೆ 60 ಇದ್ದದ್ದು ಇವತ್ತು 110 ಆಗಿದ್ದರೆ ಮೆಂಬ್ರೇನ್ ಹೋಯಿತು ಅಂತ ಅಲ್ಲ, ಬೋರ್ ಶುರುವಾಗಿದೆ ಅಂತಲೂ ಇರಬಹುದು.

ಅಳೆಯುವ ರೀತಿ ಹೀಗೆ. ಮೊದಲು ಶುದ್ಧ ನೀರು, ಆಮೇಲೆ ಟ್ಯಾಂಕಿನ ನೀರು. ಮೀಟರನ್ನು ಅದರ ಗೆರೆಯವರೆಗೆ ಅದ್ದಿ, ಒಮ್ಮೆ ಅಲುಗಾಡಿಸಿ ಗುಳ್ಳೆ ಬಿಡಿಸಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಅಗ್ಗದ ಮೀಟರುಗಳಲ್ಲಿ ಒಂದು ಮೋಸವಿದೆ. 999 ದಾಟಿದ ಮೇಲೆ ಮೂಲೆಯಲ್ಲಿ ಚಿಕ್ಕದಾಗಿ "×10" ಎಂದು ತೋರಿಸಿ ಮೂರೇ ಅಂಕಿ ಬರೆಯುತ್ತವೆ. ಅಂದರೆ 142 ಎಂದು ಕಂಡದ್ದು ನಿಜವಾಗಿ 1420. "ನಮ್ಮ ಬೋರು 142 ಅಷ್ಟೇ, ಬಾಳ ಛಲೋ ನೀರು" ಎಂದು ಖುಷಿಪಡುವವರು ಆ ಮೂಲೆಯನ್ನು ಇನ್ನೊಮ್ಮೆ ನೋಡಿ.

ಈಗ ಒಂದು ಸಣ್ಣ ಲೆಕ್ಕ. ಒಳಗೆ 1200, ಹೊರಗೆ 90 ಎಂದಿಟ್ಟುಕೊಳ್ಳಿ. 1110 ತಡೆಯಿತು, ಅಂದರೆ ಶೇ. 92. ಮೆಂಬ್ರೇನ್ ಚೆನ್ನಾಗಿದೆ. ಒಳಗೆ 1200 ಇದ್ದು ಹೊರಗೆ 300 ಬಂದರೆ ಶೇ. 75. ಆಗ ಚಿಂತಿಸಬೇಕು. ಹೊಸ ಮೆಂಬ್ರೇನ್ ಶೇ. 90ಕ್ಕಿಂತ ಹೆಚ್ಚು ತಡೆಯಬೇಕು. ಶೇ. 80ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ಬದಲಿಸುವ ಕಾಲ ಬಂತು. ಈ ಅಳತೆ ತೆಗೆಯುವಾಗ ಟಿಡಿಎಸ್ ಕಂಟ್ರೋಲರ್ (ಹಂತ 6ರಲ್ಲಿ ಹೇಳುವ ಸಣ್ಣ ತಿರುಪು) ಪೂರ್ತಿ ಮುಚ್ಚಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಎರಡೂ ಅಂಕಿಗಳನ್ನು ತಾರೀಖಿನ ಜೊತೆ ಮಷಿನ್ನಿನ ಬಾಗಿಲ ಒಳಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಸಾಕು.

ಇನ್ನೊಂದು ಮಾತು. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಒಪ್ಪಬಹುದು. ಬೆಳಗಾವಿಯಲ್ಲಿ ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ಮಾತ್ರ ಬಳಸುವ ಮನೆಗೆ ಆರ್‌ಓ ಬೇಕೇ ಎಂದು ಮೊದಲು ಅಳೆದು ನೋಡಿ. ಟಿಡಿಎಸ್ ಕಡಿಮೆ ಇದ್ದರೆ ಬರೀ ಯುವಿ (ನೇರಳಾತೀತ ದೀಪದಿಂದ ರೋಗಾಣು ಕೊಲ್ಲುವ) ಅಥವಾ ಯುಎಫ್ (ಸೂಕ್ಷ್ಮ ರಂಧ್ರಗಳಲ್ಲಿ ಸೋಸುವ) ಫಿಲ್ಟರ್ ಸಾಕು. ಸುಮ್ನೆ ನೀರು ಚೆಲ್ಲುವುದೇಕೆ?

## ಹಂತ 2: ಹೊರಗಿನ ಬಟ್ಟಲು

ಗೋಡೆಗೆ ನೇತುಹಾಕಿದ ಬಟ್ಟಲಿನಲ್ಲಿ ಇರುವುದು ಬಿಳಿ ನೂಲಿನ ಉಂಡೆಯಂಥ ಸ್ಪನ್ ಕ್ಯಾಂಡಲ್. ಸಾಮಾನ್ಯವಾಗಿ 5 ಮೈಕ್ರಾನ್. ಇದರ ಕೆಲಸ ಮಣ್ಣು ಹಿಡಿಯುವುದು. ಆಷಾಢ, ಶ್ರಾವಣದಲ್ಲಿ ಕೃಷ್ಣೆ, ಮಲಪ್ರಭೆ ಕೆಂಪಾಗಿ ಹರಿಯುವಾಗ ನಳದಲ್ಲೂ ರಾಡಿ ಬರುತ್ತದೆ. ಆಗ ಮೂರು ತಿಂಗಳ ಕ್ಯಾಂಡಲ್ ಮೂರು ವಾರಕ್ಕೇ ಮುಗಿದರೂ ಅಚ್ಚರಿಯಿಲ್ಲ. ಕ್ಯಾಲೆಂಡರ್ ನೋಡಬೇಡಿ, ಬಣ್ಣ ನೋಡಿ. ಕಂದು ಬಣ್ಣ ಹೊರಮೈಯಲ್ಲಷ್ಟೇ ಇದ್ದರೆ ಇನ್ನೂ ನಡೆಯುತ್ತದೆ. ಕ್ಯಾಂಡಲ್ ತೆಗೆದು ಅದರ ತುದಿ ನೋಡಿದಾಗ ಒಳಗಿನ ತೂತಿನ ಅಂಚಿನವರೆಗೂ ಕಂದು ಇಳಿದಿದ್ದರೆ ತಡಮಾಡಬೇಡಿ.

1. ಪ್ಲಗ್ ತೆಗೆಯಿರಿ. ಮಷಿನ್ನಿಗೆ ಬರುವ ವಾಲ್ವ್ ಮುಚ್ಚಿ. ಬಟ್ಟಲಿನ ಮೇಲೆ ಗಾಳಿ ಬಿಡುವ ಗುಂಡಿ ಇದ್ದರೆ ಒತ್ತಿ ಒತ್ತಡ ಇಳಿಸಿ.
2. ಕೆಳಗೆ ಬಕೆಟ್ ಇಡಿ. ಕೆಳಗಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಮೇಲಿನಿಂದ ನೋಡುತ್ತಾ ತಿರುಗಿಸುವವರು ಬಿಚ್ಚಲು ಹೋಗಿ ಬಿಗಿ ಮಾಡಿ ಬಟ್ಟಲು ಸೀಳಿಸುತ್ತಾರೆ.
3. ಬಟ್ಟಲನ್ನು ಮೆತ್ತನೆಯ ಸ್ಪಂಜಿನಿಂದ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಬೇಡ.
4. ಕಪ್ಪು ರಬ್ಬರಿನ ಓ-ರಿಂಗ್ ಅದರ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಒಣಗಿದ್ದರೆ ಸಿಲಿಕಾನ್ ಗ್ರೀಸ್ ಹಚ್ಚಿ. ವ್ಯಾಸಲೀನ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ.
5. ಹೊಸ ಕ್ಯಾಂಡಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಹಾಕಿ. ನಗಬೇಡಿ, ಹೊದಿಕೆಯ ಸಮೇತ ಹಾಕಿ "ನೀರೇ ಬರ್ತಿಲ್ಲ" ಎನ್ನುವವರು ಇದ್ದಾರೆ.
6. ಕೈಯಿಂದ ಬಿಗಿ ಮಾಡಿ, ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ. ವಾಲ್ವನ್ನು ನಿಧಾನವಾಗಿ ತೆರೆಯಿರಿ. ಬಟ್ಟಲಿನ ಸುತ್ತ ಒಣ ಬಟ್ಟೆ ಆಡಿಸಿ ಹನಿ ಇದೆಯೇ ನೋಡಿ.

ತೊಳೆದು ಮತ್ತೆ ಹಾಕಿದರಾಗದೇ ಎಂದು ಕೇಳುತ್ತೀರಿ. ಮೇಲಿನ ಕೆಸರು ಹೋಗುತ್ತದೆ, ಒಳಗಿನ ಜಿಡ್ಡು ಹೋಗುವುದಿಲ್ಲ. ಬ್ರಷ್ ಹಾಕಿ ಉಜ್ಜಿದರೆ ನೂಲು ಬಿಟ್ಟು ಮಣ್ಣು ಮುಂದಕ್ಕೆ ಹೋಗುತ್ತದೆ. ಕ್ಯಾಂಡಲಿನ ಬೆಲೆಗೆ ಇದು ಹೊಂದುವ ಲೆಕ್ಕವಲ್ಲ.

## ಹಂತ 3: ಸೆಡಿಮೆಂಟ್ ಮತ್ತು ಕಾರ್ಬನ್

ಮಷಿನ್ನಿನೊಳಗೆ ಉದ್ದನೆಯ ಕೊಳವೆಗಳಾಗಿ ಇರುವವು ಇವೇ. ಎರಡನ್ನೂ ಒಟ್ಟಿಗೆ ಬದಲಿಸಿ. ಆರು ತಿಂಗಳಿಂದ ವರ್ಷ, ನೀರು ನೋಡಿಕೊಂಡು.

ಕಾರ್ಬನ್ ಏಕೆ ಮುಖ್ಯ ಎಂದರೆ ಅದು ಕ್ಲೋರಿನ್ ಹೀರುತ್ತದೆ. ನಳದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಮೆಂಬ್ರೇನಿನ ತೆಳುಪದರಕ್ಕೆ ಕ್ಲೋರಿನ್ ಆಗದು, ತಾಗಿದರೆ ಪದರವೇ ಕರಗಿ ಕಿತ್ತುಹೋಗುತ್ತದೆ. ಕಾರ್ಬನ್ ಮುಗಿದ ಮೇಲೂ ಮಷಿನ್ ಓಡುತ್ತಲೇ ಇರುತ್ತದೆ, ಯಾವ ದೀಪವೂ ಹೊತ್ತುವುದಿಲ್ಲ. ಶುದ್ಧ ನೀರಿನ ಪ್ರಮಾಣ ಜಾಸ್ತಿಯಾಗುತ್ತಾ ಅದರ ಟಿಡಿಎಸ್ ಕೂಡ ಏರುತ್ತಾ ಹೋದರೆ ಕ್ಲೋರಿನ್ ಮೇಲೆ ಅನುಮಾನಪಡಿ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ದಿನ ಮಷಿನ್ ಬಂದ್ ಇಡಿ. ಟ್ಯಾಂಕಿನಲ್ಲಿ ವಾಸನೆ ಹೋದ ಮೇಲೆ ಚಾಲೂ ಮಾಡಿ.

ಬಿಚ್ಚುವಾಗ ನೀಲಿ ಅಥವಾ ಕೆಂಪು ಕ್ಲಿಪ್ ತೆಗೆದು, ಪೈಪಿನ ಸುತ್ತಲಿನ ಉಂಗುರವನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದು, ಪೈಪ್ ಎಳೆಯಿರಿ. ಉಂಗುರ ಒತ್ತದೆ ಎಳೆದರೆ ಪೈಪಿನ ತುದಿ ಗೀಚಿಹೋಗಿ ಆಮೇಲೆ ಸೋರುತ್ತದೆ. ಗೀಚಿದ್ದರೆ ಆ ತುದಿಯನ್ನು ನೇರವಾಗಿ ಕತ್ತರಿಸಿ. ಹೊಸ ಫಿಲ್ಟರಿನ ಮೇಲೆ ಬಾಣದ ಗುರುತು ಇರುತ್ತದೆ. ಅದು ನೀರು ಹೋಗುವ ದಿಕ್ಕು, ಮೆಂಬ್ರೇನಿನ ಕಡೆ ಇರಬೇಕು.

ಈಗ ಎಲ್ಲರೂ ತಪ್ಪುವ ಜಾಗಕ್ಕೆ ಬಂದೆವು. ಹೊಸ ಕಾರ್ಬನ್ನಿನಿಂದ ಮೊದಲು ಬರುವುದು ಕಾಡಿಗೆಯಂಥ ಕರಿ ನೀರು. ಕಾರ್ಬನ್ ಜೋಡಿಸಿ ನೇರವಾಗಿ ಮಷಿನ್ ಚಾಲೂ ಮಾಡಿದರೆ ಆ ಕರಿ ಪುಡಿಯೆಲ್ಲ ಮೆಂಬ್ರೇನಿನ ಮೇಲೆ ಹೋಗಿ ಕೂಡುತ್ತದೆ. ಕಾರ್ಬನ್ನೂ ಮೆಂಬ್ರೇನೂ ಒಂದೇ ದಿನ ಬದಲಿಸುವಾಗ ಈ ತಪ್ಪು ಜಾಸ್ತಿ. ಹೊಸ ಮೆಂಬ್ರೇನ್ ಮೊದಲ ದಿನವೇ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ. ಆದ್ದರಿಂದ ಕಾರ್ಬನ್ನಿನಿಂದ ಹೊರಡುವ ಪೈಪನ್ನು ಮುಂದಕ್ಕೆ ಜೋಡಿಸಬೇಡಿ, ಬಕೆಟ್ಟಿಗೆ ಬಿಡಿ. ವಾಲ್ವ್ ತೆರೆದು ಬಿಳಿ ಲೋಟದಲ್ಲಿ ಹಿಡಿದು ನೋಡಿ. ಲೋಟದ ತಳದಲ್ಲಿ ಒಂದು ಕರಿ ಚುಕ್ಕೆಯೂ ಇರಬಾರದು. ಆಮೇಲೆ ಜೋಡಿಸಿ.

ಬೋರ್ ನೀರು ತುಂಬಾ ಗಡಸು ಇದ್ದರೆ, ಅಂದರೆ ತೊಗರಿ ಬೇಳೆ ಬೇಯದೆ, ಪಾತ್ರೆಯ ಮೇಲೆ ಸುಣ್ಣದಂಥ ಬಿಳಿ ಕಲೆ ಕೂಡುತ್ತಿದ್ದರೆ, ಮೆಂಬ್ರೇನಿನ ಮುಂದೆ ಸುಣ್ಣ ಕಟ್ಟದಂತೆ ತಡೆಯುವ ಆ್ಯಂಟಿಸ್ಕೇಲಂಟ್ ಗುಳಿಗೆಗಳ ಬಟ್ಟಲು ಹಾಕಿಸಿ. ಗುಳಿಗೆ ನಿಧಾನವಾಗಿ ಕರಗುತ್ತವೆ, ಅರ್ಧಕ್ಕಿಂತ ಕಡಿಮೆಯಾದಾಗ ತುಂಬಿಸಿ.

## ಹಂತ 4: ಎರಡು ಪೈಪಿನ ಪರೀಕ್ಷೆ

ಮೆಂಬ್ರೇನ್ ಮುಟ್ಟುವ ಮೊದಲು ಇದನ್ನು ತಪ್ಪದೆ ಮಾಡಿ. ಒಂದು ನಿಮಿಷ ಶುದ್ಧ ನೀರಿನ ಪೈಪನ್ನು ಅಳತೆ ಲೋಟಕ್ಕೆ ಹಿಡಿಯಿರಿ, ಇನ್ನೊಂದು ನಿಮಿಷ ವೇಸ್ಟ್ ನೀರಿನ ಪೈಪನ್ನು. ಗಂಟೆಗೆ 12ರಿಂದ 15 ಲೀಟರ್ ಎಂದು ಬರೆದಿರುವ ಮಷಿನ್ ನಿಮಿಷಕ್ಕೆ 200ರಿಂದ 250 ಮಿಲಿ ಶುದ್ಧ ನೀರು ಕೊಡಬೇಕು. ವೇಸ್ಟ್ ನೀರು ಅದರ ಎರಡು ಮೂರು ಪಟ್ಟು ಇರುತ್ತದೆ.

ಎರಡೂ ಕಡಿಮೆ ಬಂದರೆ ನೀರೇ ಒಳಗೆ ಸರಿಯಾಗಿ ಬರುತ್ತಿಲ್ಲ. ಕ್ಯಾಂಡಲ್, ಸೆಡಿಮೆಂಟ್, ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್), ಪಂಪ್ ಇವುಗಳಲ್ಲಿ ಒಂದು ಕಾರಣ. ಮೆಂಬ್ರೇನ್ ಅಲ್ಲ. ಪಂಪ್ ಗುಂಯ್ ಎನ್ನುತ್ತಾ ಬಿಸಿಯಾಗಿದ್ದರೆ ಅದರ 24 ವೋಲ್ಟ್ ಅಡಾಪ್ಟರನ್ನೂ ನೋಡಿಸಿ. ಬೇಸಿಗೆಯಲ್ಲಿ ಕರೆಂಟ್ ಏರಿಳಿದಾಗ ಮೊದಲು ಹೋಗುವುದು ಅದೇ.

ಶುದ್ಧ ನೀರು ಕಡಿಮೆ, ವೇಸ್ಟ್ ನೀರು ಎಂದಿನಷ್ಟೇ ಇದ್ದರೆ ಮೆಂಬ್ರೇನ್ ಕಟ್ಟಿಕೊಂಡಿದೆ. ವೇಸ್ಟ್ ನೀರು ಧಾರಾಳವಾಗಿ ಸುರಿದು ಶುದ್ಧ ನೀರು ತೊಟ್ಟಿಕ್ಕುತ್ತಿದ್ದರೆ ಫ್ಲೋ ರೆಸ್ಟ್ರಿಕ್ಟರ್ ಹೋಗಿದೆ. ವೇಸ್ಟ್ ನೀರಿನ ಪೈಪಿನಲ್ಲಿ ಕೂತಿರುವ ಬೆರಳುದ್ದದ ಆ ತುಂಡು ಒತ್ತಡ ಹಿಡಿದಿಡುತ್ತದೆ. ಬೆಲೆ ಕಡಿಮೆ, ಕೆಲಸ ದೊಡ್ಡದು. ವೇಸ್ಟ್ ನೀರು ಬರುವುದೇ ನಿಂತರೆ ಅದೇ ತುಂಡು ಕಟ್ಟಿಕೊಂಡಿದೆ. ಆಗ ಮಷಿನ್ ತಕ್ಷಣ ಬಂದ್ ಮಾಡಿ.

ಮಷಿನ್ ಬಂದ್ ಇದ್ದರೂ ರಾತ್ರಿಯಿಡೀ ವೇಸ್ಟ್ ನೀರು ಹರಿಯುತ್ತಿದ್ದರೆ ಸೊಲೆನಾಯ್ಡ್ ವಾಲ್ವ್ ಮುಚ್ಚುತ್ತಿಲ್ಲ.

ಇಲ್ಲೊಂದು ಎಚ್ಚರಿಕೆ. ನೀರು ಉಳಿಸಲು ವೇಸ್ಟ್ ಪೈಪಿಗೆ ವಾಲ್ವ್ ಹಾಕಿ ಅರ್ಧ ಮುಚ್ಚುವವರಿದ್ದಾರೆ. ಉದ್ದೇಶ ಒಳ್ಳೆಯದು, ಆದರೆ ಲೆಕ್ಕ ನೋಡಿ. 1200 ಟಿಡಿಎಸ್ ನೀರಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಶುದ್ಧವಾಗಿ ಹೋದರೆ ಉಳಿದ ಮೂರು ಪಾಲಿನ ಟಿಡಿಎಸ್ 1550 ದಾಟುತ್ತದೆ. ಅರ್ಧಕ್ಕರ್ಧ ಶುದ್ಧ ನೀರು ತೆಗೆಯಲು ಹೋದರೆ ಉಳಿದ ಅರ್ಧದಲ್ಲಿ ಅದು 2300. ಅಷ್ಟು ದಟ್ಟವಾದ ನೀರಿನಿಂದ ಸುಣ್ಣ ಬಿಟ್ಟು ಮೆಂಬ್ರೇನಿನ ಮೇಲೆ ಕಲ್ಲಾಗಿ ಕೂಡುತ್ತದೆ. ಗಡಸು ನೀರಿನ ಮನೆಯಲ್ಲಿ ಆ ಪೈಪ್ ಹಿಂಡಬೇಡಿ.

## ಹಂತ 5: ಮೆಂಬ್ರೇನ್ ಬದಲಿಸುವುದು

ಮೇಲಿನ ಎಲ್ಲ ನೋಡಿದ ಮೇಲೂ ತಡೆಯುವ ಪ್ರಮಾಣ ಶೇ. 80ಕ್ಕಿಂತ ಕಡಿಮೆ ಇದ್ದರೆ, ಅಥವಾ ಹರಿವು ಅರ್ಧಕ್ಕೆ ಇಳಿದಿದ್ದರೆ, ಈಗ ಬದಲಿಸಿ.

1. ಪ್ಲಗ್, ವಾಲ್ವ್ ಬಂದ್. ಹೌಸಿಂಗಿನ ಮುಚ್ಚಳದ ಪೈಪ್ ತೆಗೆದು, ಸ್ಪ್ಯಾನರಿನಿಂದ ಮುಚ್ಚಳ ಬಿಚ್ಚಿ.
2. ಹಳೆಯದನ್ನು ಎಳೆದು ತೆಗೆಯಿರಿ. ಬಿಗಿಯಾಗಿದ್ದರೆ ಇಕ್ಕಳದಿಂದ ನಡುವಿನ ಕೊಳವೆ ಹಿಡಿದು ತಿರುಗಿಸುತ್ತಾ ಎಳೆಯಿರಿ. ಅದರ ಮೇಲಿನ ಕೊಳೆ ನೋಡಿ. ಕಂದು ಕೆಸರಿದ್ದರೆ ಮುಂದಿನ ಸಲ ಕ್ಯಾಂಡಲ್ ಬೇಗ ಬದಲಿಸಿ. ಕೈಗೆ ಬಿಳಿ ಹರಳು ತರಿತರಿಯಾಗಿ ತಾಗಿದರೆ ಗಡಸಿನ ತೊಂದರೆ. ಕರಿ ಪುಡಿ ಇದ್ದರೆ ಕಾರ್ಬನ್ ತೊಳೆಯದೆ ಜೋಡಿಸಿದ್ದಾರೆ.
3. ಹೌಸಿಂಗನ್ನು ತೊಳೆಯಿರಿ. ನಿಮ್ಮ ಕೈಯನ್ನೂ ಸೋಪು ಹಚ್ಚಿ ತೊಳೆಯಿರಿ.
4. ಎರಡು ಸಣ್ಣ ಓ-ರಿಂಗ್ ಇರುವ ತುದಿ ಮೊದಲು ಒಳಗೆ ಹೋಗಬೇಕು. ದಪ್ಪ ಕಪ್ಪು ರಬ್ಬರ್ ತುಟಿ ಇರುವ ತುದಿ ಮುಚ್ಚಳದ ಕಡೆ. ಓ-ರಿಂಗ್ ತಳದ ತೂತಿನಲ್ಲಿ ಪೂರ್ತಿ ಕೂಡುವವರೆಗೆ ಒತ್ತಿ. ಅರ್ಧ ಕೂತರೆ ಕಚ್ಚಾ ನೀರು ನುಸುಳಿ ಹೊಸ ಮೆಂಬ್ರೇನಿನಲ್ಲೂ ಟಿಡಿಎಸ್ ಜಾಸ್ತಿ ಬರುತ್ತದೆ. ಆಗ ಅಂಗಡಿಯವನ ಮೇಲೆ ಜಗಳ!
5. ಫ್ಲೋ ರೆಸ್ಟ್ರಿಕ್ಟರನ್ನೂ ಹೊಸದು ಹಾಕಿ, ಹಳೆಯದರ ಮೇಲಿದ್ದ ಅದೇ ಸಂಖ್ಯೆಯದ್ದು.
6. ಮೊದಲ ಎರಡು ತೊಟ್ಟಿ ನೀರು ಕುಡಿಯಬೇಡಿ. ಮೆಂಬ್ರೇನ್ ಕೆಡದಂತೆ ಹಾಕಿದ ರಾಸಾಯನಿಕ ಅದರಲ್ಲಿ ಬರುತ್ತದೆ. ಆಮೇಲೆ ಅಳೆದು ಚೀಟಿಯಲ್ಲಿ ಬರೆಯಿರಿ.

## ಹಂತ 6: ಟಿಡಿಎಸ್ ಕಂಟ್ರೋಲರ್, ತುಂಬಾ ಹುಷಾರು

ಮಷಿನ್ನಿನೊಳಗೆ ಒಂದು ಸಣ್ಣ ತಿರುಪು ಇರುತ್ತದೆ. "ರುಚಿ ಬರ್ಲಿ" ಎಂದು ಮೆಕ್ಯಾನಿಕ್ ಅದನ್ನು ತಿರುಗಿಸಿ ಹೋಗುತ್ತಾರೆ. ಅದು ಮಾಡುವುದು ಇಷ್ಟೇ: ಮೆಂಬ್ರೇನ್ ದಾಟದ ಸ್ವಲ್ಪ ನೀರನ್ನು ಶುದ್ಧ ನೀರಿಗೆ ಬೆರೆಸುತ್ತದೆ. ನಳದ ನೀರಾದರೆ ದೊಡ್ಡ ತೊಂದರೆಯಿಲ್ಲ. ಆದರೆ ಬೋರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಇದ್ದರೆ ಅದೂ ಆ ದಾರಿಯಲ್ಲೇ ನಿಮ್ಮ ಲೋಟಕ್ಕೆ ಬರುತ್ತದೆ. ಯುವಿ ದೀಪ ಅದನ್ನು ತಡೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.

ಹುನಗುಂದ, ಇಳಕಲ್ ಕಡೆ ಬೋರುಗಳಲ್ಲಿ ಫ್ಲೋರೈಡ್ ಇರುವುದು ಹಳೆಯ ಸಮಸ್ಯೆ. ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಗತಿಯಿಲ್ಲದಿದ್ದರೆ 1.5. ಟಿಡಿಎಸ್ ಮೀಟರ್ ಇದನ್ನು ತೋರಿಸದು. ಟಿಡಿಎಸ್ 600 ಇದ್ದ ಬೋರಿನಲ್ಲೂ ಫ್ಲೋರೈಡ್ ಮಿತಿ ದಾಟಿರಬಹುದು. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲಿ ಫೀಲ್ಡ್ ಟೆಸ್ಟ್ ಕಿಟ್ ಬಗ್ಗೆ ಕೇಳಿ. ಊರಾದರೆ ನೀರು ಪರೀಕ್ಷೆಯ ಲ್ಯಾಬಿಗೆ ಬಾಟಲಿಯಲ್ಲಿ ಒಯ್ದು ಕೊಡಿ. ಫಲಿತಾಂಶ ಬರುವವರೆಗೆ ತಿರುಪು ಪೂರ್ತಿ ಮುಚ್ಚಿರಲಿ. ಫ್ಲೋರೈಡ್ ಇದೆ ಎಂದರೆ ಅದನ್ನು ಶಾಶ್ವತವಾಗಿ ಮುಚ್ಚಿಬಿಡಿ, ನೀರು ಸಪ್ಪೆಯಾದರೂ ಸರಿ.

## ಹಂತ 7: ತೊಟ್ಟಿ ಮತ್ತು ನಲ್ಲಿ

ಮೂರು ತಿಂಗಳಿಗೊಮ್ಮೆ ತೊಟ್ಟಿ ಖಾಲಿ ಮಾಡಿ ಒಳಗೆ ಬೆರಳಾಡಿಸಿ. ಜಾರಿದರೆ ಲೋಳೆ ಕಟ್ಟಿದೆ. 5 ಲೀಟರ್ ನೀರಿಗೆ ವಾಸನೆ ಸೇರಿಸದ ದ್ರವ ಬ್ಲೀಚ್ (ಪೌಡರ್ ಅಲ್ಲ) ಒಂದು ಟೀ ಚಮಚ ಬೆರೆಸಿ, ತೊಟ್ಟಿಗೆ ತುಂಬಿ, ನಲ್ಲಿಯಿಂದಲೂ ಸ್ವಲ್ಪ ಬಿಟ್ಟು, 20 ನಿಮಿಷ ಇಡಿ. ಆಮೇಲೆ ವಾಸನೆ ಹೋಗುವವರೆಗೆ ಶುದ್ಧ ನೀರಿನಿಂದ ತೊಳೆಯಿರಿ. ಈ ನೀರು ತೊಟ್ಟಿಯಲ್ಲಿ ಮಾತ್ರ ಇರಬೇಕು, ಮಷಿನ್ನಿನ ಒಳಗೆ ಸೇರಬಾರದು. ಮೆಂಬ್ರೇನಿಗೆ ಕ್ಲೋರಿನ್ ವೈರಿ ಎಂದು ಆಗಲೇ ಹೇಳಿದೆನಲ್ಲ. ವಿನೆಗರ್ ಜೊತೆ ಬ್ಲೀಚ್ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ರಜೆಗೆ ಊರಿಗೆ ಹೋಗುವಾಗ ತೊಟ್ಟಿ ಖಾಲಿ ಮಾಡಿ, ವಾಲ್ವ್ ಮುಚ್ಚಿ, ಪ್ಲಗ್ ತೆಗೆಯಿರಿ. ಬಂದ ಮೇಲೆ ಮೊದಲ ತೊಟ್ಟಿ ಚೆಲ್ಲಿ. ಯುವಿ ದೀಪದ ಆಯುಷ್ಯ ಸುಮಾರು 8000 ಗಂಟೆ. ಹೊತ್ತಿದಾಗ ಅದನ್ನು ಬರಿಗಣ್ಣಿನಿಂದ ನೋಡಬೇಡಿ.

## ಬೇಸಿಗೆ, ಚಳಿ ಮತ್ತು ವೇಸ್ಟ್ ನೀರು

ನೀರು ತಣ್ಣಗಾದಂತೆ ಮೆಂಬ್ರೇನಿನಿಂದ ಬರುವ ನೀರು ಒಂದೊಂದು ಡಿಗ್ರಿಗೂ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಡಿಸೆಂಬರಿನ ಬೆಳಿಗ್ಗೆ ತೊಟ್ಟಿ ನಿಧಾನ ತುಂಬಿದರೆ ಗಾಬರಿ ಬೇಡ. ಏಪ್ರಿಲ್, ಮೇನಲ್ಲಿ ತಿರುಗುಮುರುಗು. ತಾರಸಿಯ ಕರಿ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಂತೆ ಬರುತ್ತದೆ. ಮನೆಯ ಮೆಂಬ್ರೇನುಗಳ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಅದೂ ಅಲ್ಲದೆ ಬಿಸಿ ನೀರಿನಲ್ಲಿ ಉಪ್ಪು ಹೆಚ್ಚು ನುಸುಳುತ್ತದೆ. ಆ ಎರಡು ತಿಂಗಳು ಮಷಿನ್ನನ್ನು ಬೆಳಗಿನ ಜಾವ ಓಡಿಸಿ ತುಂಬಿಸಿಕೊಳ್ಳಿ, ಮಧ್ಯಾಹ್ನ ಪ್ಲಗ್ ತೆಗೆದಿಡಿ.

ವೇಸ್ಟ್ ನೀರು ನೆಲ ಒರೆಸಲು, ಸಂಡಾಸಿಗೆ, ಗಾಡಿ ತೊಳೆಯಲು ಸರಿ. ಕೂಲರಿಗೆ ಹಾಕಬೇಡಿ, ಪ್ಯಾಡ್ ಒಂದೇ ಬೇಸಿಗೆಯಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದೆ. ಕುಂಡದ ಗಿಡಗಳಿಗೂ ಬೇಡ, ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಫ್ಲೋರೈಡ್ ಇರುವ ಕಡೆ ದನಕರುಗಳಿಗೆ ಕುಡಿಸಬೇಡಿ. ಇನ್ನು ಶುದ್ಧ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕುವ ರೂಢಿ ಬಿಡಿ. ಅದರಲ್ಲೂ ಉಪ್ಪು ಇದೆ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬೇಕು.

## ಮೆಕ್ಯಾನಿಕ್ ಬಂದಾಗ

ಬದಲಿಸಿದ ಹಳೆಯ ಭಾಗಗಳನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹೊಸದರ ಪ್ಯಾಕ್ ನಿಮ್ಮೆದುರೇ ಒಡೆಯಲಿ. ಮೆಂಬ್ರೇನ್ ಹೋಗಿದೆ ಎಂದರೆ "ಒಳಗೆ ಎಷ್ಟು, ಹೊರಗೆ ಎಷ್ಟು?" ಎಂದು ಕೇಳಿ ನಿಮ್ಮ ಚೀಟಿ ತೋರಿಸಿ.

ಕೆಲವರು ಎರಡು ಸಲಾಕೆಗಳಿರುವ ಕರೆಂಟಿನ ಉಪಕರಣ ತಂದು, ನಿಮ್ಮ ನಳದ ನೀರಿನಲ್ಲಿ ಅದ್ದಿ, ಅದು ಕಂದಾಗಿ ಕಪ್ಪಾಗುವುದನ್ನು ತೋರಿಸಿ ಹೆದರಿಸುತ್ತಾರೆ. ಪಕ್ಕದ ಲೋಟದ ಆರ್‌ಓ ನೀರು ತಿಳಿಯಾಗಿಯೇ ಇರುತ್ತದೆ. ಆ ಬಣ್ಣ ನಿಮ್ಮ ನೀರಿನ ಕೊಳೆಯಲ್ಲ, ಸಲಾಕೆಯ ಕಬ್ಬಿಣ ಕರಗಿದ ತುಕ್ಕು. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಆರ್‌ಓ ನೀರಿನಲ್ಲಿ ಅಷ್ಟಾಗಿ ಹರಿಯುವುದಿಲ್ಲ, ಅಷ್ಟೇ. ಅದೇ ಆರ್‌ಓ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಅದ್ದಲು ಹೇಳಿ. ಅದೂ ಕಂದಾಗುತ್ತದೆ.